ಬಾಯಿಹುಣ್ಣಿನ ಮರ್ಮವನ್ನರಿತ ಡಾಕ್ಟರ್ ಬೆಹ್ಚೆತ್

ಬಾಯಿಯಲ್ಲಿ ಹುಣ್ಣೆದ್ದರೆ ಉಷ್ಣವೆಂದು ಭಾವಿಸಿ ಮಜ್ಜಿಗೆ ಕುಡಿದು ಸುಮ್ಮನಾಗುವುದು ನಮ್ಮವರ ವಾಡಿಕೆ. ಬಹುಮಟ್ಟಿಗೆ ಅದು ಒಂದೆರಡು ವಾರಗಳಲ್ಲಿ ತಾನಾಗಿಯೇ ಮಾಯುವುದೂ ನಿಜ. ಆದರೆ ಮರಳಿ ಮರಳಿ ಏಳುವ ಈ ಅಲ್ಪ ವ್ರಣವು ಒಮ್ಮೊಮ್ಮೆ ಕಣ್ಣನ್ನೇ ಕಳೆಯಬಲ್ಲ ವ್ಯಾಧಿಯ ಮುನ್ಸೂಚನೆಯಾಗಿರಬಹುದೆಂದು ವೈದ್ಯಲೋಕಕ್ಕೆ ಮನಗಾಣಿಸಿದವರು ತುರ್ಕಿಯ ಚರ್ಮರೋಗತಜ್ಞ ಹುಲುಸಿ ಬೆಹ್ಚೆತ್.

ಅವರು ಜನಿಸಿದುದು 1889ರಲ್ಲಿ, ಇಸ್ತಾಂಬುಲ್ ನಗರದಲ್ಲಿ. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಬಾಲಕನು ಅಜ್ಜಿಯ ಆಶ್ರಯದಲ್ಲಿ ಬೆಳೆದನು. ತಂದೆಯ ವ್ಯವಹಾರನಿಮಿತ್ತ ಬಾಲ್ಯದ ಕೆಲಕಾಲವು ಪರಸ್ಥಳವಾದ ದಮಾಸ್ಕಸ್ಸಿನಲ್ಲಿ ಕಳೆಯಿತು. 1910ರಲ್ಲಿ ಸೈನಿಕ ವೈದ್ಯವಿದ್ಯಾಲಯದಿಂದ ಪದವಿ ಪಡೆದು, ಮೊದಲನೆಯ ಮಹಾಯುದ್ಧದಲ್ಲಿ ಎದಿರ್ನೆಯ ಸೈನಿಕ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದರು. ಅನಂತರ ಬುಡಾಪೆಸ್ಟ್ ಹಾಗೂ ಬರ್ಲಿನ್ನಿನಲ್ಲಿ ಜ್ಞಾನವನ್ನು ಹೆಚ್ಚಿಸಿಕೊಂಡು ಸ್ವದೇಶಕ್ಕೆ ಮರಳಿದರು. 1933ರಲ್ಲಿ ಇಸ್ತಾಂಬುಲ್ ವಿಶ್ವವಿದ್ಯಾನಿಲಯವು ಪುನರ್ರಚನೆಗೊಂಡಾಗ ಅಲ್ಲಿಯ ಚರ್ಮರೋಗ ವಿಭಾಗದ ಹೊಣೆ ಅವರದಾಯಿತು.

ಅವರಲ್ಲಿಗೆ ಬಂದಿದ್ದ ರೋಗಿಯೊಬ್ಬನಿಗೆ ಬಾಯಲ್ಲಿಯೂ ಗುಹ್ಯಾಂಗದಲ್ಲಿಯೂ ಹುಣ್ಣುಗಳು ಏಳುತ್ತಿದ್ದವು. ಕಣ್ಣುಗಳೂ ಉರಿಯೂತಕ್ಕೆ ತುತ್ತಾಗಿದ್ದವು. ಸಿಫಿಲಿಸ್ ಇರಬಹುದೆಂದು ಕೆಲವರೂ, ಕ್ಷಯವೆಂದು ಕೆಲವರೂ ಊಹಿಸಿದ್ದರು. ಚಿಕಿತ್ಸೆಗಳು ನಡೆದರೂ ಆತನು ದೃಷ್ಟಿಯನ್ನು ಕಳೆದುಕೊಂಡನು. ಅಂಥವೇ ಲಕ್ಷಣಗಳು ಇನ್ನಿಬ್ಬರಲ್ಲಿ ಕಂಡಾಗ, ಈ ಮೂರೂ ಬೇರೆ ಬೇರೆ ಬೇನೆಗಳಲ್ಲ, ಒಂದೇ ರೋಗದ ಮುಖಗಳು ಎಂದು ಬೆಹ್ಚೆತ್ತರು ನಿರ್ಧರಿಸಿ, 1937ರಲ್ಲಿ ಜರ್ಮನ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಗ್ರೀಸಿನ ನೇತ್ರವೈದ್ಯ ಅದಮಾಂತಿಯಾದಿಸರೂ 1931ರಲ್ಲಿ ಇಂಥದೇ ರೋಗಿಯನ್ನು ವರ್ಣಿಸಿದ್ದರು. ಆದಕಾರಣ ಕೆಲವರು ಇಬ್ಬರ ಹೆಸರನ್ನೂ ಕೂಡಿಸಿ ಹೇಳುವುದುಂಟು.

ಇದು ಹೊಸ ರೋಗವೆಂಬುದನ್ನು ಹಲವು ವೈದ್ಯರು ಒಡನೆಯೇ ಒಪ್ಪಲಿಲ್ಲ. ಆದರೆ ನಾನಾ ದೇಶಗಳಿಂದ ಇಂಥ ರೋಗಿಗಳ ವರದಿಗಳು ಬರತೊಡಗಿ, 1947ರಲ್ಲಿ ಜಿನೀವಾದ ವೈದ್ಯಸಮ್ಮೇಳನದಲ್ಲಿ ರೋಗಕ್ಕೆ ಅವರ ಹೆಸರೇ ನಿಂತಿತು. ಮರುವರ್ಷ, 1948ರ ಮಾರ್ಚಿಯಲ್ಲಿ, ಅವರು ಹೃದಯಾಘಾತದಿಂದ ಕಾಲವಶರಾದರು.

ರೋಗಕ್ಕೆ ವೈರಸ್ಸೇ ಕಾರಣವೆಂದು ಅವರು ಶಂಕಿಸಿದ್ದರು, ಅದು ಸಿದ್ಧವಾಗಲಿಲ್ಲ. ರಕ್ತನಾಳಗಳ ಉರಿಯೂತವೇ ಇದರ ಮೂಲಲಕ್ಷಣವೆಂದು ಈಗ ತಿಳಿದಿದೆ. ತುರ್ಕಿಯಿಂದ ಜಪಾನಿನವರೆಗೆ, ಹಿಂದಿನ ರೇಷ್ಮೆಯ ಮಾರ್ಗದುದ್ದಕ್ಕೂ ಇದು ಹೆಚ್ಚು. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ಜಾಡ್ಯವಲ್ಲ. ರೋಗಿಯ ನಡತೆಯ ದೋಷವಂತೂ ಅಲ್ಲವೇ ಅಲ್ಲ.

ಬಾಯಿಹುಣ್ಣು ಬಂದವರೆಲ್ಲರೂ ಭಯಪಡಬೇಕಾದುದಿಲ್ಲ. ಆದರೆ ಹುಣ್ಣು ಪದೇ ಪದೇ ಮರುಕಳಿಸಿ, ಜೊತೆಗೆ ಕಣ್ಣು ಕೆಂಪಾಗಿ ನೋಯುವುದಾಗಲಿ, ಗುಪ್ತಸ್ಥಾನದಲ್ಲಿ ಹುಣ್ಣಾಗುವುದಾಗಲಿ ಕಂಡರೆ, ಕೋಣೆಯ ಜೊತೆಗಾರರು ಏನೆಂದಾರೋ ಎಂದು ನಾಚಿ ಮುಚ್ಚಿಡದೆ ವೈದ್ಯರಿಗೆ ಎಲ್ಲವನ್ನೂ ತಿಳಿಸುವುದೇ ಕ್ಷೇಮ. ಮೂರು ಲಕ್ಷಣಗಳನ್ನು ಒಟ್ಟಿಗೆ ನೋಡಿದ್ದರಿಂದಲೇ ಬೆಹ್ಚೆತ್ತರಿಗೆ ರೋಗದ ಗುಟ್ಟು ತಿಳಿಯಿತು. ಒಂದನ್ನು ಬಚ್ಚಿಟ್ಟರೆ ಇಂದಿನ ವೈದ್ಯರಿಗೂ ಅದು ತಿಳಿಯಲಾರದು.