ತಾಯಿ ಗರ್ಭವಿಲ್ಲದೆ ಮಗು: ನೂರು ವರ್ಷದ ಹಿಂದೆಯೇ ಊಹಿಸಿದ್ದ ಹಾಲ್ಡೇನ್

ಗಾಜಿನ ಗೋಳಗಳಲ್ಲಿ ಸಾಲಾಗಿ ಬೆಳೆಯುವ ಕೂಸುಗಳ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಇನ್ನು ಮುಂದೆ ಹೆಣ್ಣು, ಗಂಡು ಎಂಬುದಕ್ಕೆ ಅರ್ಥವೇ ಇರುವುದಿಲ್ಲವೇ? 2022ರ ಡಿಸೆಂಬರ್‌ನಲ್ಲಿ ಹರಿದಾಡಿದ ಆ ಎಕ್ಟೋಲೈಫ್ ವಿಡಿಯೋ ಬರೀ ಅನಿಮೇಷನ್. ಆದರೆ ಈ ಕಲ್ಪನೆ ಹೊಸದಲ್ಲ. ಇದಕ್ಕೆ ಎಕ್ಟೋಜೆನೆಸಿಸ್ ಎಂದು ಹೆಸರಿಟ್ಟವರು ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್.

1892ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿದ ಹಾಲ್ಡೇನ್, ಬಾಲ್ಯದಲ್ಲೇ ಶರೀರವಿಜ್ಞಾನಿಯಾಗಿದ್ದ ತಂದೆಯ ಪ್ರಯೋಗಗಳಿಗೆ ಮೈಯೊಡ್ಡಿದವರು. ಓದಿದ್ದು ಗಣಿತ ಮತ್ತು ಗ್ರೀಕ್-ಲ್ಯಾಟಿನ್. ವಿಜ್ಞಾನದಲ್ಲಿ ಪದವಿ ಇರಲಿಲ್ಲ. ಆದರೂ ತಳಿವಿಜ್ಞಾನಕ್ಕೆ ಗಣಿತದ ಅಡಿಪಾಯ ಹಾಕಿದವರಲ್ಲಿ ಅವರೂ ಒಬ್ಬರು.

1923ರಲ್ಲಿ ಕೇಂಬ್ರಿಜ್‌ನಲ್ಲಿ ಮಾಡಿದ ಭಾಷಣವೊಂದರಲ್ಲಿ ಅವರು ಭವಿಷ್ಯದ ಕಥೆ ಹೇಳಿದರು. ಅದರ ಪ್ರಕಾರ 1951ರಲ್ಲಿ ಗರ್ಭದ ಹೊರಗೆ ಬೆಳೆದ ಮೊದಲ ಮಗು ಹುಟ್ಟಬೇಕಿತ್ತು. ಮುಂದೆ ತಾಯಂದಿರು ಹೆರುವ ಮಕ್ಕಳು ನೂರಕ್ಕೆ ಮೂವತ್ತಕ್ಕಿಂತ ಕಡಿಮೆಯಾಗಬೇಕಿತ್ತು. 'ಶ್ರೇಷ್ಠ'ರನ್ನಷ್ಟೇ ಆರಿಸಿ ಸಂತಾನ ಬೆಳೆಸುವ ಮಾತೂ ಅದರಲ್ಲಿತ್ತು. ಇಂಥ ಆಯ್ಕೆಯ ಹೆಸರಲ್ಲಿ ನಡೆದ ರಾಜಕೀಯವನ್ನು 1938ರ ಪುಸ್ತಕದಲ್ಲಿ ಅವರೇ ಕಟುವಾಗಿ ಟೀಕಿಸಿದರು.

ಸ್ವಾರಸ್ಯವೆಂದರೆ, ಲಿಂಗ ವರ್ಣತಂತುಗಳ ಮಹತ್ವ ತೋರಿಸಿದ ನಿಯಮವೊಂದಕ್ಕೂ ಅವರದೇ ಹೆಸರಿದೆ. ಎರಡು ಪ್ರಭೇದಗಳ ಮಿಶ್ರ ಸಂತಾನದಲ್ಲಿ ಒಂದು ಲಿಂಗ ಮಾತ್ರ ಬಂಜೆಯಾದರೆ, ಅದು ಸಾಮಾನ್ಯವಾಗಿ ಬೇರೆಬೇರೆ ಬಗೆಯ ಎರಡು ಲಿಂಗ ವರ್ಣತಂತು ಇರುವ ಲಿಂಗ ಎಂದು ಅವರು 1922ರಲ್ಲಿ ಬರೆದರು. ಸಸ್ತನಿಗಳಲ್ಲಿ ಅದು ಗಂಡು.

1957ರಲ್ಲಿ ಹಾಲ್ಡೇನ್ ಭಾರತಕ್ಕೆ ಬಂದರು. ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ದುಡಿದರು, ಇಲ್ಲಿನ ಪೌರರಾದರು, ಇಲ್ಲಿನ ಉಡುಪನ್ನೇ ತೊಟ್ಟರು. 1964ರಲ್ಲಿ ಭುವನೇಶ್ವರದಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ, ಅವರ ಇಚ್ಛೆಯಂತೆ ದೇಹ ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ಹೋಯಿತು.

ಅವರ ಊಹೆ ಎಲ್ಲಿಗೆ ಬಂತು? ಮೊದಲ ಪ್ರನಾಳ ಶಿಶು 1978ರಲ್ಲಿ ಹುಟ್ಟಿತು. ಆದರೆ ಬೆಳೆದದ್ದು ತಾಯಿಯ ಗರ್ಭದಲ್ಲೇ. 2017ರಲ್ಲಿ ಅಮೆರಿಕದ ವಿಜ್ಞಾನಿಗಳು ಅವಧಿ ತುಂಬದ ಕುರಿಮರಿಗಳನ್ನು ದ್ರವ ತುಂಬಿದ ಚೀಲದಲ್ಲಿ ನಾಲ್ಕು ವಾರ ಉಳಿಸಿದರು. 2023ರಲ್ಲಿ ಜಪಾನಿನಲ್ಲಿ ಗಂಡು ಇಲಿಯ ಜೀವಕೋಶದಿಂದ ಅಂಡಾಣು ತಯಾರಾಯಿತು. 630 ಭ್ರೂಣಗಳಲ್ಲಿ ಮರಿಯಾಗಿದ್ದು 7. ಅವು ಬೆಳೆದದ್ದೂ ಹೆಣ್ಣಿಲಿಯ ಗರ್ಭದಲ್ಲೇ. ಗರ್ಭ ಕೃತಕವಾದರೂ ಅಂಡಾಣು, ವೀರ್ಯಾಣು ಎರಡೂ ಬೇಕು. ಹೃದಯ, ಮೂಳೆ, ಔಷಧಿಯ ಪರಿಣಾಮದಲ್ಲೂ ಹೆಣ್ಣು-ಗಂಡಿನ ವ್ಯತ್ಯಾಸ ಉಳಿದೇ ಇರುತ್ತದೆ.

ಇನ್ನೊಂದು ಮಾತು. ಅಲ್ಟ್ರಾಸೌಂಡ್ ಬಂದಾಗ ನಮ್ಮ ದೇಶದಲ್ಲಿ ಲಿಂಗ ಅಪ್ರಸ್ತುತವಾಗಲಿಲ್ಲ. ಹೆಣ್ಣು ಭ್ರೂಣ ಹುಡುಕಿ ಕೊಲ್ಲಲು ಅದೇ ಸಾಧನವಾಯಿತು. ಅದನ್ನು ತಡೆಯಲು 1994ರಲ್ಲಿ ಕಾನೂನೇ ಬೇಕಾಯಿತು. ಯಂತ್ರ ಬದಲಾದ ಮಾತ್ರಕ್ಕೆ ಮನಸ್ಸು ಬದಲಾಗುವುದಿಲ್ಲ. ಆ ವಿಡಿಯೋ ಮತ್ತೆ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಇದನ್ನೊಮ್ಮೆ ನೆನಪಿಸಿಕೊಳ್ಳಿ.