ಅಣುಗಳಿಗೆ ಜರಡಿ ಹಿಡಿದ ಥಾಮಸ್ ಗ್ರಹಾಂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ರೈತರಿಗೆ ಜೋಳಕ್ಕೆ ಜರಡಿ ಹಿಡಿಯುವುದು ಹೊಸತಲ್ಲ. ಕಾಳು ಮೇಲುಳಿಯುತ್ತದೆ, ಮಣ್ಣು ಕೆಳಗಿಳಿಯುತ್ತದೆ. ಇದೇ ಸೀಮೆಯಲ್ಲಿ ಮೂತ್ರಪಿಂಡ ಸೋತವರು ಜೀವ ಉಳಿಸಿಕೊಳ್ಳಲು ವಾರಕ್ಕೆ ಎರಡು ಮೂರು ಬಾರಿ ಮೊರೆಹೋಗುವ ಡಯಾಲಿಸಿಸ್ ಕೂಡ ಒಂದು ಬಗೆಯ ಜರಡಿಯೇ. ಅಣುಗಳನ್ನು ಗಾತ್ರಕ್ಕನುಗುಣವಾಗಿ ಬೇರ್ಪಡಿಸುವ ಈ ವಿಧಾನಕ್ಕೆ ಹೆಸರಿಟ್ಟವರು ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಥಾಮಸ್ ಗ್ರಹಾಂ.

ಗ್ರಹಾಂ 1805ರ ಡಿಸೆಂಬರ್‌ನಲ್ಲಿ ಗ್ಲಾಸ್ಗೋ ನಗರದಲ್ಲಿ ಜನಿಸಿದರು. ಬಟ್ಟೆ ತಯಾರಕರಾಗಿದ್ದ ತಂದೆಗೆ ಮಗ ಪಾದ್ರಿಯಾಗಬೇಕೆಂಬ ಹಟ. ಮಗನಿಗೆ ರಸಾಯನಶಾಸ್ತ್ರದ ಗೀಳು. ತಂದೆ ನೆರವು ನಿಲ್ಲಿಸಿದಾಗ ತಾಯಿ ಮತ್ತು ಸೋದರಿ ಬೆನ್ನಿಗೆ ನಿಂತರು. ಪಾಠ ಹೇಳಿ, ಲೇಖನ ಬರೆದು ದಿನ ದೂಡಿದ ಗ್ರಹಾಂ 1830ರಲ್ಲಿ ಗ್ಲಾಸ್ಗೋದಲ್ಲಿ, 1837ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. 1841ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯ ಪ್ರಥಮ ಅಧ್ಯಕ್ಷರಾದರು. 1855ರಿಂದ ಕೊನೆಯವರೆಗೂ ಬ್ರಿಟನ್ನಿನ ಟಂಕಸಾಲೆಯ ಮುಖ್ಯಸ್ಥರಾಗಿದ್ದರು. ನಾಣ್ಯದ ಹೊಣೆ ಹೊತ್ತರೂ ಪ್ರಯೋಗಗಳನ್ನು ಬಿಡಲಿಲ್ಲ.

1861ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಸರಳವಾದುದು. ಬಳೆಯಾಕಾರದ ಚೌಕಟ್ಟಿಗೆ ಚರ್ಮಕಾಗದವನ್ನು ತಮಟೆಯಂತೆ ಬಿಗಿದು, ಒಳಗೆ ದ್ರಾವಣ ಸುರಿದು, ನೀರಿನ ಮೇಲೆ ತೇಲಿಬಿಟ್ಟರು. ಸಕ್ಕರೆ, ಉಪ್ಪಿನಂಥ ಪದಾರ್ಥಗಳು ಕಾಗದ ದಾಟಿ ನೀರಿಗಿಳಿದವು. ಗೋಂದಿನಂಥ ಅಂಟು ಪದಾರ್ಥಗಳು ಒಳಗೇ ಉಳಿದವು. ಒಳಗುಳಿದವನ್ನು ಅವರು ಕಲಿಲ ಎಂಬರ್ಥದ 'ಕೊಲಾಯ್ಡ್' ಎಂದು ಕರೆದರು. ಮೂತ್ರದಿಂದ ಯೂರಿಯಾವನ್ನು ಬೇರ್ಪಡಿಸಿಯೂ ತೋರಿಸಿದರು.

ಇಲ್ಲಿ ಜರಡಿಯನ್ನು ಅಲುಗಿಸುವವರಿಲ್ಲ. ಅಣುಗಳು ತಾವಾಗಿಯೇ ಹೆಚ್ಚು ಸಾಂದ್ರತೆಯ ಕಡೆಯಿಂದ ಕಡಿಮೆ ಇರುವ ಕಡೆಗೆ ಸಾಗುತ್ತವೆ. ಯೂರಿಯಾದ ಅಣುತೂಕ 60. ರಕ್ತದ ಆಲ್ಬುಮಿನ್ ಪ್ರೋಟೀನಿನದು ಸುಮಾರು 66,000. ಮೊದಲನೆಯದು ಪೊರೆಯ ರಂಧ್ರದಲ್ಲಿ ನುಸುಳುತ್ತದೆ, ಎರಡನೆಯದಕ್ಕೆ ದಾರಿಯಿಲ್ಲ. ಎರಡೂ ಕಡೆ ಸಾಂದ್ರತೆ ಸಮವಾದೊಡನೆ ಬೇರ್ಪಡಿಕೆ ನಿಲ್ಲುತ್ತದೆ. ಆದ್ದರಿಂದಲೇ ಪ್ರಯೋಗಾಲಯದಲ್ಲಿ ಪ್ರೋಟೀನಿನಿಂದ ಲವಣ ತೆಗೆಯುವವರು ಹೊರಗಿನ ದ್ರಾವಣವನ್ನು ಪದೇ ಪದೇ ಬದಲಿಸುತ್ತಾರೆ. ಆಸ್ಪತ್ರೆಯ ಯಂತ್ರದಲ್ಲಿ ಹೊಸ ದ್ರಾವಣ ನಿರಂತರ ಹರಿಯುತ್ತದೆ.

ತಮ್ಮ ಕಾಗದದ ಜರಡಿ ಮನುಷ್ಯರ ಪ್ರಾಣ ಉಳಿಸುವುದನ್ನು ಕಾಣಲು ಗ್ರಹಾಂ ಇರಲಿಲ್ಲ. 1869ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ನಿಧನರಾದರು. 1924ರಲ್ಲಿ ಜರ್ಮನಿಯ ಗೇಯೊರ್ಗ್ ಹಾಸ್ ಮನುಷ್ಯರ ಮೇಲೆ ಮೊದಲ ಡಯಾಲಿಸಿಸ್ ನಡೆಸಿದರು. 1943ರಲ್ಲಿ ನೆದರ್ಲೆಂಡ್ಸ್‌ನ ವೈದ್ಯ ವಿಲೆಮ್ ಕೋಲ್ಫ್ ಸೆಲ್ಲೋಫೇನ್ ಕೊಳವೆಯಿಂದ ಕೃತಕ ಮೂತ್ರಪಿಂಡ ರೂಪಿಸಿದರು. 1945ರಲ್ಲಿ ಅದರಿಂದ ಮೊದಲ ರೋಗಿ ಬದುಕುಳಿದರು.

ಮಗನ ಓದಿಗೆ ತಂದೆ ಕೈ ಕಟ್ಟಿದ್ದಾಗ ತಾಯಿ ಮತ್ತು ಸೋದರಿ ಕೊಟ್ಟ ಆಸರೆಯ ಫಲ ಇಂದು ಊರೂರಿನ ಡಯಾಲಿಸಿಸ್ ಮಂಚಗಳವರೆಗೆ ತಲುಪಿದೆ.