ಜೆ. ಎಚ್. ಪಟೇಲ್
ಜಯದೇವಪ್ಪ ಹಾಲಪ್ಪ ಪಟೇಲ್ (1 ಅಕ್ಟೋಬರ್ 1930 – 12 ಡಿಸೆಂಬರ್ 2000) ಸಮಾಜವಾದಿ ನಾಯಕರು ಹಾಗೂ ಕರ್ನಾಟಕದ ಮಾಜಿ ಮುಖ್ಯಮಂತ್ರಿ. ಅವರ ಹುಟ್ಟೂರು ಚನ್ನಗಿರಿ ತಾಲ್ಲೂಕಿನ ಕಾರಿಗನೂರು.

1967ರಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದ ಅವರು, ಸಭಾಧ್ಯಕ್ಷ ನೀಲಂ ಸಂಜೀವ ರೆಡ್ಡಿಯವರ ಅನುಮತಿಯೊಂದಿಗೆ ಅಲ್ಲಿ ಕನ್ನಡದಲ್ಲಿ ಮಾತನಾಡಿದ ಮೊದಲ ಸದಸ್ಯರೆನಿಸಿದರು. ಸರ್ಕಾರವನ್ನು ಜನರ ನುಡಿಯಲ್ಲಿಯೇ ಪ್ರಶ್ನಿಸುವುದಕ್ಕೆ ಇದು ದಾರಿಯಾಯಿತು. ತುರ್ತು ಪರಿಸ್ಥಿತಿಯಲ್ಲಿ ಸೆರೆವಾಸ ಅನುಭವಿಸಿದರು.

1978, 1983, 1985 ಮತ್ತು 1994ರಲ್ಲಿ ಚನ್ನಗಿರಿಯಿಂದ ವಿಧಾನಸಭೆಗೆ ಆಯ್ಕೆಯಾದರು. ಸಚಿವರಾಗಿ, ಉಪಮುಖ್ಯಮಂತ್ರಿಯಾಗಿ, 1996ರಿಂದ 1999ರವರೆಗೆ ಮುಖ್ಯಮಂತ್ರಿಯಾಗಿ ಸದನದ ಪ್ರಶ್ನೆಗಳಿಗೆ ಉತ್ತರಿಸುವ ಹೊಣೆಯನ್ನೂ ಹೊತ್ತರು. ಅವರ ಆಡಳಿತಾವಧಿಯಲ್ಲಿ, 1997ರಲ್ಲಿ, ಏಳು ಹೊಸ ಜಿಲ್ಲೆಗಳು ರಚನೆಯಾದವು. ಚನ್ನಗಿರಿ, ಜಗಳೂರು ಹಾಗೂ ಅಂದು ನ್ಯಾಮತಿಯನ್ನೂ ಒಳಗೊಂಡಿದ್ದ ಹೊನ್ನಾಳಿ ತಾಲ್ಲೂಕುಗಳು ದಾವಣಗೆರೆ ಜಿಲ್ಲೆಗೆ ಸೇರಿದವು. 1999ರ ಚುನಾವಣೆಯಲ್ಲಿ ಅವರು ಪರಾಭವಗೊಂಡರು.